ರೇಷ್ಮೆಮೊಟ್ಟೆಯಲ್ಲಿ ಹೆಣ್ಣನ್ನು ನಿರ್ಣಯಿಸುವ ಕಿರುಚೀಟಿ

ರೇಷ್ಮೆ ವ್ಯವಸಾಯಕ್ಕೆ ಬಿತ್ತನೆಯೇ ಮೂಲವೆಂಬುದು ಕೋಲಾರ, ಚಿಕ್ಕಬಳ್ಳಾಪುರ, ರಾಮನಗರ, ಮಂಡ್ಯ ಮೊದಲಾದ ಸೀಮೆಗಳ ರೈತರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಹಿಪ್ಪುನೇರಳೆಯ ತೋಟವು ಎಷ್ಟೇ ಹುಲುಸಾಗಿದ್ದರೂ, ಸೊಪ್ಪು ಎಷ್ಟೇ ರಸವತ್ತಾಗಿದ್ದರೂ, ಹುಳುವಿನ ಮನೆಯು ಎಷ್ಟೇ ಚೊಕ್ಕಟವಾಗಿದ್ದರೂ, ತಂದ ಮೊಟ್ಟೆಯು ಕೆಟ್ಟದ್ದಾದರೆ ತಿಂಗಳ ದುಡಿಮೆಯೆಲ್ಲವೂ ನೀರುಪಾಲಾಗುವುದು. ಆದರೆ ಆ ಮೊಟ್ಟೆಯನ್ನು ತಯಾರುಮಾಡುವ ಬಿತ್ತನೆ ಕೋಠಿಯಲ್ಲಿ ಬಹಳ ಶ್ರಮವನ್ನೂ ಎಚ್ಚರಿಕೆಯನ್ನೂ ಬೇಡುವ ಕೆಲಸ ಯಾವುದೆಂದು ಕೇಳಿದರೆ ಅನೇಕರು ಉತ್ತರವನ್ನು ಹೇಳಲಾರರು. ಆ ಕೆಲಸವೆಂದರೆ ಗಂಡು ಹೆಣ್ಣುಗಳನ್ನು ಬೇರ್ಪಡಿಸುವುದು. ಮೊಟ್ಟೆಯು ಹೆಣ್ಣಾಗಬೇಕೆಂದು ಅದರೊಳಗೆ ಆಜ್ಞೆ ಕೊಡುವ ವಸ್ತು ಯಾವುದೆಂಬುದು 2014ನೆಯ ಇಸವಿಯಲ್ಲಿ ಜಪಾನಿನಲ್ಲಿ ತಿಳಿದುಬಂದಿತು. ಅದರ ವೃತ್ತಾಂತವನ್ನೂ, ಅದರಿಂದ ರೈತರು ತಿಳಿಯತಕ್ಕ ನೀತಿಯನ್ನೂ ಇಲ್ಲಿ ಸಂಗ್ರಹವಾಗಿ ಕೊಟ್ಟಿದೆ.

ತಪ್ಪಿದ ಒಂದು ಕೋಶದ ಬೆಲೆ

ಬಿತ್ತನೆ ಗೂಡುಗಳು ಕೋಠಿಗೆ ಬಂದ ಮೇಲೆ ನುರಿತ ಕೆಲಸಗಾರರು ಬೆಳಕಿರುವ ಕಡೆಯಲ್ಲಿ ಸಾಲಾಗಿ ಕುಳಿತು, ಗೂಡಿನ ತುದಿಯನ್ನು ಕತ್ತರಿಸಿ, ಒಳಗಿನ ಕೋಶವನ್ನು ಹೊರತೆಗೆದು ಅಂಗೈ ಮೇಲೆ ಹೊರಳಿಸಿ ನೋಡುವರು. ಹೊಟ್ಟೆಯ ಎಂಟನೆಯ ಉಂಗುರದಲ್ಲಿ ಗುಣಾಕಾರದ ಗುರುತನ್ನು ಹೋಲುವ ಸಣ್ಣ ಗೆರೆಯಿದ್ದರೆ ಅದು ಹೆಣ್ಣು. ಒಂಬತ್ತನೆಯ ಉಂಗುರದಲ್ಲಿ ಚಿಕ್ಕ ಚುಕ್ಕೆಯೊಂದು ಮಾತ್ರ ಇದ್ದರೆ ಅದು ಗಂಡು. ಹೀಗೆ ಒಂದೊಂದನ್ನೂ ಪರೀಕ್ಷಿಸಿ ಬೇರೆ ಬೇರೆ ತಟ್ಟೆಗಳಲ್ಲಿ ಇಡಬೇಕು. ಸಾವಿರಗಟ್ಟಲೆ ಕೋಶಗಳನ್ನು ನೋಡುವಾಗ ಕಣ್ಣು ದಣಿಯುವುದು. ಕಣ್ಣು ದಣಿದ ವೇಳೆಯಲ್ಲಿ ತಪ್ಪು ನುಸುಳುವುದು.

ಈ ತಪ್ಪಿನಿಂದ ಆಗುವ ನಷ್ಟವೇನೆಂಬುದನ್ನು ವಿಚಾರಿಸಬೇಕು. ಕರ್ನಾಟಕದಲ್ಲಿ ರೈತರು ಸಾಕುವ ಮಿಶ್ರತಳಿಯ ಹುಳುವಿಗೆ ಸಾಮಾನ್ಯವಾಗಿ ತಾಯಿಯು ಮೈಸೂರು ತಳಿಯದು, ತಂದೆಯು ದ್ವಿತಳಿಯದು. ಮೈಸೂರು ತಳಿಯು ಈ ನಾಡಿನ ಬಿಸಿಲನ್ನೂ ಒಣಹವೆಯನ್ನೂ ಸೊಪ್ಪಿನ ಏರುಪೇರುಗಳನ್ನೂ ತಾಳಿಕೊಳ್ಳುವುದು. ಆದರೆ ಅದರ ಗೂಡು ಸಣ್ಣದು, ನೂಲು ಕಡಮೆ. ದ್ವಿತಳಿಯ ಗೂಡು ದಪ್ಪ, ನೂಲು ಉದ್ದ. ಆದರೆ ಹುಳುವು ಸುಕುಮಾರವಾದುದು. ಇವೆರಡನ್ನೂ ಕೂಡಿಸಿದಾಗ ಮೊದಲನೆಯ ಪೀಳಿಗೆಯಲ್ಲಿ ತಾಯಿಯ ತಾಳಿಕೆಯೂ ತಂದೆಯ ನೂಲೂ ಬಹುಮಟ್ಟಿಗೆ ಒಂದೆಡೆ ಸೇರುವುವು. ಜಪಾನಿನ ಟೊಯಾಮ ಕಮೆಟಾರೊ ಎಂಬ ವಿದ್ವಾಂಸರು 20ನೆಯ ಶತಮಾನದ ಮೊದಲ ದಶಕದಲ್ಲಿಯೇ ರೇಷ್ಮೆಹುಳುವಿನ ತಳಿಗಳನ್ನು ಕೂಡಿಸಿ ಗುಣಗಳು ಪೀಳಿಗೆಯಿಂದ ಪೀಳಿಗೆಗೆ ಇಳಿಯುವ ಕ್ರಮವನ್ನು ಪರೀಕ್ಷಿಸಿದರು. ಮೊದಲನೆಯ ಪೀಳಿಗೆಯ ಮಿಶ್ರಬಿತ್ತನೆಯನ್ನೇ ರೈತರಿಗೆ ಕೊಡಬೇಕೆಂದು ಹೇಳಿದವರಲ್ಲಿ ಅವರು ಮುಖ್ಯರು.

ಈಗ ಮೈಸೂರು ತಳಿಯ ಹೆಣ್ಣುಗಳ ತಟ್ಟೆಯಲ್ಲಿ ಅದೇ ತಳಿಯ ಗಂಡುಕೋಶಗಳು ಕೆಲವು ಉಳಿದುಹೋದುವೆಂದು ಭಾವಿಸಿರಿ. ಬೆಳಗಿನ ಜಾವದಲ್ಲಿ ಚಿಟ್ಟೆಗಳು ಹೊರಬಂದೊಡನೆ ಆ ಗಂಡುಗಳು ಪಕ್ಕದಲ್ಲಿರುವ ತಮ್ಮ ತಳಿಯ ಹೆಣ್ಣುಗಳನ್ನೇ ಕೂಡುವುವು. ಅಂತಹ ಹೆಣ್ಣುಗಳು ಇಡುವ ಮೊಟ್ಟೆಯು ಮಿಶ್ರತಳಿಯದಲ್ಲ, ಬರಿಯ ಮೈಸೂರು ತಳಿಯದು. ಮೊಟ್ಟೆಯ ಹಾಳೆಯನ್ನು ನೋಡಿ ರೈತನು ಇದನ್ನು ಕಂಡುಹಿಡಿಯಲಾರನು. ಮಿಶ್ರತಳಿಯ ಬೆಲೆಯನ್ನು ಕೊಟ್ಟು ತಂದು, ತಿಂಗಳು ಪರ್ಯಂತ ಸೊಪ್ಪು ಹಾಕಿ, ಚಂದ್ರಿಕೆಯಿಂದ ಗೂಡು ಬಿಡಿಸುವಾಗ ಮಾತ್ರ ಒಂದು ಪಾಲು ಗೂಡು ಸಣ್ಣಗಾಗಿರುವುದನ್ನು ಅವನು ಕಾಣುವನು. ಒಂದು ಹೆಣ್ಣು ಚಿಟ್ಟೆಯು ಸುಮಾರು 400ರಿಂದ 500ರ ವರೆಗೆ ಮೊಟ್ಟೆಗಳನ್ನಿಡುವುದರಿಂದ, ಕೋಠಿಯಲ್ಲಿ ತಪ್ಪಿದ ಒಂದೇ ಒಂದು ಕೋಶವು ರೈತನ ಮನೆಯಲ್ಲಿ ನೂರಾರು ಹುಳುಗಳಾಗಿ ತೋರುವುದು.

ಗಂಡು ಹೆಣ್ಣಿನ ಭೇದವು ನೂಲು ಬಿಚ್ಚುವವರಿಗೂ ಸಂಬಂಧಪಟ್ಟದ್ದು. ಹೆಣ್ಣುಹುಳುವು ತಾನು ತಿಂದ ಸೊಪ್ಪಿನ ಸಾರದ ಒಂದು ಭಾಗವನ್ನು ಮುಂದೆ ಇಡಬೇಕಾದ ಮೊಟ್ಟೆಗಳಿಗಾಗಿ ಕೂಡಿಡುವುದು. ಆದುದರಿಂದ ಹೆಣ್ಣುಗೂಡು ತೂಕದಲ್ಲಿ ಹೆಚ್ಚಾದರೂ ಆ ತೂಕದಲ್ಲಿ ಕೋಶದ ಪಾಲೇ ದೊಡ್ಡದು. ಗಂಡುಗೂಡು ಹಗುರ, ಆದರೆ ಅದರ ತೂಕದಲ್ಲಿ ರೇಷ್ಮೆಯ ಪಾಲು ಹೆಣ್ಣುಗೂಡಿನಲ್ಲಿರುವುದಕ್ಕಿಂತ ಹೆಚ್ಚು. ಈ ಕಾರಣದಿಂದ, ಗಂಡುಹುಳುಗಳನ್ನು ಮಾತ್ರ ಸಾಕುವಂತಾದರೆ ಎಷ್ಟು ಚೆನ್ನೆಂಬ ಆಸೆಯು ರೇಷ್ಮೆಯ ನಾಡುಗಳಲ್ಲೆಲ್ಲ ಬಹುಕಾಲದಿಂದ ಇದೆ.

ಹೆಣ್ಣು ಗಂಡುಗಳ ಮೂಲ

ಮೊಟ್ಟೆಯೊಂದು ಗಂಡಾಗುವುದೋ ಹೆಣ್ಣಾಗುವುದೋ ಎಂಬುದು ಯಾವುದರಿಂದ ನಿರ್ಣಯವಾಗುವುದು? ಸೊಪ್ಪಿನ ಗುಣದಿಂದಲೂ ಅಲ್ಲ, ಹುಳುಮನೆಯ ಕಾವಿನಿಂದಲೂ ಅಲ್ಲ, ತಿಥಿ ನಕ್ಷತ್ರಗಳಿಂದಲೂ ಅಲ್ಲ. ಪ್ರಾಣಿಯ ದೇಹವೆಲ್ಲವೂ ಕಣ್ಣಿಗೆ ಕಾಣದಷ್ಟು ಸಣ್ಣವಾದ ಜೀವಕಣಗಳಿಂದ ಆದುದು. ಒಂದೊಂದು ಜೀವಕಣದಲ್ಲಿಯೂ ವರ್ಣತಂತುಗಳೆಂಬ ಎಳೆಗಳಿರುವುವು. ತಂದೆತಾಯಿಗಳ ಗುಣಗಳು ಮಕ್ಕಳಿಗೆ ಇಳಿಯುವುದು ಈ ಎಳೆಗಳ ಮೂಲಕ. ರೇಷ್ಮೆಹುಳುವಿನಲ್ಲಿ ಇಂತಹ ತಂತುಗಳು 28 ಜೊತೆಗಳಿವೆ. ಅವುಗಳಲ್ಲಿ ಒಂದು ಜೊತೆಯು ಗಂಡು ಹೆಣ್ಣಿನ ನಿರ್ಣಯಕ್ಕೆ ಸಂಬಂಧಿಸಿದ್ದು. ಗಂಡಿನಲ್ಲಿ ಆ ಜೊತೆಯ ಎರಡು ತಂತುಗಳೂ ಒಂದೇ ಬಗೆಯವು. ಅವಕ್ಕೆ ಝಡ್ ಎಂದು ಹೆಸರು. ಹೆಣ್ಣಿನಲ್ಲಿ ಒಂದು ಝಡ್, ಇನ್ನೊಂದು ಡಬ್ಲ್ಯು. ತಾಯಿಯು ತನ್ನ ಮೊಟ್ಟೆಗಳಲ್ಲಿ ಅರ್ಧಕ್ಕೆ ಝಡ್ ತಂತುವನ್ನೂ ಅರ್ಧಕ್ಕೆ ಡಬ್ಲ್ಯು ತಂತುವನ್ನೂ ಕೊಡುವಳು. ತಂದೆಯು ಎಲ್ಲಕ್ಕೂ ಝಡ್ ತಂತುವನ್ನೇ ಕೊಡುವನು. ಆದಕಾರಣ ಡಬ್ಲ್ಯು ಬಂದ ಮೊಟ್ಟೆಯು ಹೆಣ್ಣು, ಬಾರದ ಮೊಟ್ಟೆಯು ಗಂಡು. ಒಟ್ಟಿನಲ್ಲಿ ಎರಡೂ ಸಮಸಮ.

ಮನುಷ್ಯರಲ್ಲಿಯೂ ದನಕರುಗಳಲ್ಲಿಯೂ ಕ್ರಮವು ಇದಕ್ಕೆ ತಿರುಗುಮುರುಗು. ಅಲ್ಲಿ ಎರಡು ಬಗೆಯ ತಂತುಗಳಿರುವುದು ಗಂಡಿನಲ್ಲಿ; ಆದಕಾರಣ ಮಗುವು ಗಂಡೋ ಹೆಣ್ಣೋ ಎಂಬುದು ತಂದೆಯಿಂದ ಬಂದ ತಂತುವಿನ ಮೇಲೆ ನಿಂತಿರುವುದು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ತಾಯಿಯನ್ನು ಹಳಿಯುವ ಪದ್ಧತಿಯು ಎಷ್ಟು ಅನ್ಯಾಯವಾದುದೆಂಬುದನ್ನು ಗ್ರಾಮದ ಹಿರಿಯರು ಈ ಸಂದರ್ಭದಲ್ಲಿ ನೆನೆಯುವುದು ಯುಕ್ತ.

ರೇಷ್ಮೆಹುಳುವಿನ ಡಬ್ಲ್ಯು ತಂತುವಿನ ಶಕ್ತಿಯನ್ನು 1933ರಲ್ಲಿ ಜಪಾನಿನ ಹಾಷಿಮೊಟೊ ಎಂಬುವರು ತೋರಿಸಿಕೊಟ್ಟರು. ತಂತುಗಳ ಸಂಖ್ಯೆಯು ಹೆಚ್ಚಾಗಿರುವ ಹುಳುಗಳನ್ನು ಅವರು ಪರೀಕ್ಷಿಸಿದಾಗ, ಝಡ್ ತಂತುಗಳು ಎರಡು ಮೂರು ಇದ್ದರೂ ಜೊತೆಯಲ್ಲಿ ಒಂದೇ ಒಂದು ಡಬ್ಲ್ಯು ಇದ್ದರೆ ಹುಳುವು ಹೆಣ್ಣೇ ಆಗುತ್ತಿದ್ದಿತು. 1940ರ ದಶಕದಲ್ಲಿ ಟಾಜಿಮ ಎಂಬ ಮತ್ತೊಬ್ಬ ವಿದ್ವಾಂಸರು ಎಕ್ಸ್ ಕಿರಣಗಳ ಪ್ರಯೋಗದಿಂದ, ಹುಳುವಿನ ಮೈಮೇಲಿನ ಮಚ್ಚೆಗೆ ಕಾರಣವಾದ ತುಂಡೊಂದನ್ನು ಬೇರೊಂದು ತಂತುವಿನಿಂದ ಬಿಡಿಸಿ ಡಬ್ಲ್ಯು ತಂತುವಿಗೆ ಅಂಟಿಕೊಳ್ಳುವಂತೆ ಮಾಡಿದರು. ಆ ವಂಶದಲ್ಲಿ ಹೆಣ್ಣುಹುಳುಗಳಿಗೆ ಮಾತ್ರ ಮಚ್ಚೆ, ಗಂಡುಹುಳುಗಳು ಬಿಳಿ. ಗೂಡನ್ನು ಕತ್ತರಿಸದೆ, ಹುಳುವು ಸೊಪ್ಪು ತಿನ್ನುತ್ತಿರುವಾಗಲೇ ಮಕ್ಕಳೂ ಬೇರ್ಪಡಿಸಬಹುದಾದ ಇಂತಹ ತಳಿಗಳು ಅಲ್ಲಿಂದೀಚೆಗೆ ಬೇರೆ ನಾಡುಗಳಲ್ಲಿಯೂ ಭಾರತದಲ್ಲಿಯೂ ತಯಾರಾಗಿವೆ.

ಆದರೂ ಮುಖ್ಯವಾದ ಪ್ರಶ್ನೆಯು ಹಾಗೆಯೇ ಉಳಿದಿದ್ದಿತು. ಡಬ್ಲ್ಯು ತಂತುವಿನಲ್ಲಿ ಬರೆದಿರುವುದಾದರೂ ಏನು? ಹೆಣ್ಣಾಗು ಎಂಬ ಆಜ್ಞೆಯು ಅದರ ಯಾವ ಭಾಗದಲ್ಲಿದೆ? ಇದನ್ನು ತಿಳಿಯಬೇಕಾದರೆ ಜೀವಕಣದೊಳಗಿನ ಆಡಳಿತವನ್ನು ಸ್ವಲ್ಪ ತಿಳಿದುಕೊಳ್ಳಬೇಕು.

ದಫ್ತರವೂ ನಕಲೂ

ಗ್ರಾಮದ ಲೆಕ್ಕಪತ್ರಗಳನ್ನು ಬಲ್ಲವರಿಗೆ ಈ ಆಡಳಿತವು ಕಷ್ಟವಾಗಿ ತೋರದು. ಕಚೇರಿಯ ಮೂಲ ದಫ್ತರವನ್ನು ಯಾರೂ ಹೊಲಕ್ಕೆ ಹೊತ್ತುಕೊಂಡು ಹೋಗುವುದಿಲ್ಲ. ಬೇಕಾದ ಪುಟದ ನಕಲನ್ನು ತೆಗೆಸಿ, ಆ ನಕಲಿನಂತೆ ಕೆಲಸ ನಡೆಸುವರು. ಜೀವಕಣದಲ್ಲಿಯೂ ಹಾಗೆಯೇ. ವರ್ಣತಂತುಗಳಲ್ಲಿರುವ ಡಿಎನ್‌ಎ ಎಂಬ ವಸ್ತುವೇ ಮೂಲ ದಫ್ತರ. ಅದು ನಾಲ್ಕೇ ಅಕ್ಷರಗಳ ಲಿಪಿಯಲ್ಲಿ ಬರೆದದ್ದು. ಅದರ ಒಂದೊಂದು ಪ್ರಕರಣಕ್ಕೆ ವಂಶವಾಹಿ ಎಂದು ಹೆಸರು. ಕೆಲಸಕ್ಕೆ ಬೇಕಾದಾಗ ಆ ಪ್ರಕರಣದ ನಕಲು ಹೊರಡುವುದು. ನಕಲಿನ ವಸ್ತುವಿಗೆ ಆರ್‌ಎನ್‌ಎ ಎಂದು ಹೆಸರು. ಈ ನಕಲನ್ನು ಓದಿ ಜೀವಕಣವು ಸಸಾರಜನಕವನ್ನು, ಎಂದರೆ ಪ್ರೋಟೀನನ್ನು ತಯಾರಿಸುವುದು. ರೇಷ್ಮೆಯ ನೂಲು ಸಹ ಒಂದು ಸಸಾರಜನಕವೇ. ಹುಳುವಿನ ಚರ್ಮ, ರೆಕ್ಕೆ, ಸ್ನಾಯು ಇವೆಲ್ಲಕ್ಕೂ ಸಸಾರಜನಕಗಳೇ ಆಧಾರ.

ಒಂದೇ ಹುಳುವಿನ ಜೀವಕಣಗಳಲ್ಲೆಲ್ಲ ಇರುವ ದಫ್ತರವು ಒಂದೇ. ಹೀಗಿದ್ದರೂ ರೇಷ್ಮೆಗ್ರಂಥಿಯು ನೂಲನ್ನು ಮಾಡುವುದು, ಕಣ್ಣು ಮಾಡುವುದಿಲ್ಲ. ಹುಳುವು ಮೊದಲು ಸೊಪ್ಪು ತಿನ್ನುವುದು, ಆಮೇಲೆ ರೆಕ್ಕೆಯನ್ನು ಪಡೆಯುವುದು. ಯಾವ ಪುಟವನ್ನು, ಯಾವ ಜಾಗದಲ್ಲಿ, ಯಾವ ವೇಳೆಯಲ್ಲಿ ಓದತಕ್ಕದ್ದೆಂಬ ನಿಬಂಧನೆಯಿಂದಲೇ ಈ ಭೇದಗಳುಂಟಾಗುವುವು. ಈ ನಿಬಂಧನೆಯನ್ನು ನಡೆಸುವ ಅಧಿಕಾರಿಗಳೂ ಸಸಾರಜನಕಗಳೇ ಆಗಿರಬೇಕೆಂದು ವಿದ್ವಾಂಸರು ಬಹುಕಾಲ ನಂಬಿದ್ದರು. ಆರ್‌ಎನ್‌ಎ ಎಂದರೆ ಬರಿಯ ನಕಲು. ಅದಕ್ಕೆ ಸ್ವಂತ ಅಧಿಕಾರವೆಲ್ಲಿಯದೆಂಬುದು ಸಾಮಾನ್ಯವಾದ ಅಭಿಪ್ರಾಯವಾಗಿದ್ದಿತು.

ಮಣ್ಣಿನ ಹುಳುವಿನಲ್ಲಿ ಸಿಕ್ಕಿದ ಚೀಟಿ

ಈ ಅಭಿಪ್ರಾಯವು ತಪ್ಪೆಂದು ತೋರಿಸಿದ್ದು ಒಂದು ಮಿಲಿಮೀಟರು ಉದ್ದದ ಜಂತುಹುಳು. ಹಿಪ್ಪುನೇರಳೆಯ ಬೇರಿನಲ್ಲಿ ಗಂಟುಕಟ್ಟಿಸುವ ಜಂತುವಿಗೆ ಇದು ದೂರದ ಬಂಧುವಾದರೂ ಬೆಳೆಗೆ ನಿರಪಾಯವಾದುದು. ಕೊಳೆತ ಗಿಡಗಂಟಿಗಳಲ್ಲಿ ಸೂಕ್ಷ್ಮಜೀವಿಗಳನ್ನು ತಿಂದು ಬದುಕುವುದು. ರೇಷ್ಮೆಹುಳುವಿಗೆ ನಾಲ್ಕು ಜ್ವರಗಳಿರುವಂತೆ ಇದೂ ನಾಲ್ಕು ಸಲ ಪೊರೆಬಿಟ್ಟು ಬೆಳೆಯುವುದು. ಲಿನ್-4 ಎಂಬ ವಂಶವಾಹಿಯು ಕೆಟ್ಟಿರುವ ಹುಳುಗಳು ಮಾತ್ರ ಬಾಲ್ಯದ ಮೊದಲನೆಯ ಹಂತದ ಕೆಲಸಗಳನ್ನೇ ಮತ್ತೆ ಮತ್ತೆ ಮಾಡುತ್ತ, ಸರಿಯಾಗಿ ಪ್ರಾಯಕ್ಕೆ ಬಾರದೆ ಉಳಿಯುತ್ತಿದ್ದುವು.

ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕನ್ ಎಂಬುವರು ಬೇರೆ ಬೇರೆಯಾಗಿ ಶೋಧಿಸುತ್ತ 1993ರಲ್ಲಿ ಇದರ ಮರ್ಮವನ್ನು ಪ್ರಕಟಿಸಿದರು. ಲಿನ್-4ರಿಂದ ಸಸಾರಜನಕವು ತಯಾರಾಗುವುದೇ ಇಲ್ಲ. ಅದರಿಂದ ಹೊರಡುವುದು ಕೇವಲ 22 ಅಕ್ಷರಗಳ ಒಂದು ಆರ್‌ಎನ್‌ಎ ಚೂರು. ಆ ಚೂರು ಲಿನ್-14 ಎಂಬ ಬೇರೊಂದು ವಂಶವಾಹಿಯ ನಕಲನ್ನು ಹುಡುಕಿ, ತನ್ನ ಅಕ್ಷರಗಳಿಗೆ ಜೋಡಿಯಾಗುವ ಅಕ್ಷರಗಳಿರುವ ಸ್ಥಳದಲ್ಲಿ ಅದಕ್ಕೆ ಅಂಟಿಕೊಂಡು, ಆ ನಕಲಿನಂತೆ ಕೆಲಸ ನಡೆಯದ ಹಾಗೆ ತಡೆಯುವುದು. ಬಾಲ್ಯದ ಆಜ್ಞೆಯನ್ನು ರದ್ದುಮಾಡಿದ ಮೇಲೆಯೇ ಮುಂದಿನ ಹಂತಕ್ಕೆ ದಾರಿ. ಸೀಳಿದ ಬಿದಿರಿನ ಎರಡು ಹೋಳುಗಳು ಒಂದಕ್ಕೊಂದು ಮಾತ್ರ ಸರಿಹೊಂದುವಂತೆ, ಇಂತಹ ಚೀಟಿಯೂ ಅದಕ್ಕೆ ತಕ್ಕ ನಕಲೂ ಪರಸ್ಪರ ಗುರುತುಹಿಡಿಯುವುವು.

ಇದು ಆ ಒಂದು ಜಂತುವಿನ ವಿಚಿತ್ರವೆಂದು ಮೊದಲು ಹಲವರು ಎಣಿಸಿದರು. ಆದರೆ 2000ದಲ್ಲಿ ಲೆಟ್-7 ಎಂಬ ಎರಡನೆಯ ಚೀಟಿಯು ಸಿಕ್ಕಿತು. ಅದು ನೊಣ, ಮೀನು, ಮನುಷ್ಯರ ಪರ್ಯಂತ ಅನೇಕ ಪ್ರಾಣಿಗಳಲ್ಲಿ ಒಂದೇ ರೂಪದಲ್ಲಿರುವುದೂ ಕಂಡುಬಂದಿತು. ರೇಷ್ಮೆಹುಳುವಿನಲ್ಲಿಯೂ ಅದು ಉಂಟು. ಇವಕ್ಕೆ ಮೈಕ್ರೋ ಆರ್‌ಎನ್‌ಎಗಳೆಂದು ಹೆಸರಾಯಿತು. ಈ ಶೋಧಕ್ಕಾಗಿ ಆಂಬ್ರೋಸ್ ಮತ್ತು ರುವ್ಕನ್ ಇಬ್ಬರಿಗೂ 2024ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು.

ಎಂಬತ್ತು ವರ್ಷಗಳ ಒಗಟು

ಇತ್ತ ರೇಷ್ಮೆಹುಳುವಿನ ಡಬ್ಲ್ಯು ತಂತುವನ್ನು ಪರೀಕ್ಷಿಸುತ್ತಿದ್ದವರಿಗೆ ನಿರಾಶೆಯೇ ಕಾದಿದ್ದಿತು. ಹೆಣ್ತನವನ್ನು ನಿರ್ಣಯಿಸುವ ಸಸಾರಜನಕದ ವಂಶವಾಹಿಯು ಅದರಲ್ಲಿ ಇದ್ದೇ ಇರಬೇಕೆಂದು ಹುಡುಕಿದರೂ ಅಂತಹುದೊಂದೂ ಸಿಕ್ಕಲಿಲ್ಲ. ಅಲ್ಲಿ ತುಂಬಿದ್ದುದು, ದಫ್ತರದಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಾವೇ ಹಾರಿ ಸೇರಿಕೊಳ್ಳುವ ಅಲೆಮಾರಿ ತುಣುಕುಗಳ ಅವಶೇಷ. ಊರಿನ ತಿಪ್ಪೆಯಂತೆ ಕಾಣುತ್ತಿದ್ದ ಈ ತಂತುವು ಹೆಣ್ಣನ್ನು ನಿರ್ಣಯಿಸುವುದಾದರೂ ಹೇಗೆಂಬುದು ಹಾಷಿಮೊಟೊ ಅವರ ಕಾಲದಿಂದ ಸುಮಾರು 80 ವರ್ಷಗಳ ಪರ್ಯಂತ ಒಗಟಾಗಿಯೇ ಉಳಿಯಿತು.

ತಿಪ್ಪೆಯನ್ನು ಗೊಬ್ಬರವೆಂದು ಬಲ್ಲ ರೈತನಿಗೆ ಮುಂದಿನ ಸಂಗತಿಯು ಆಶ್ಚರ್ಯವನ್ನುಂಟುಮಾಡಲಾರದು. ಅಲೆಮಾರಿ ತುಣುಕುಗಳು ಮಿತಿಮೀರಿ ಹಾರಾಡಿದರೆ ಸಂತಾನಕ್ಕೇ ಹಾನಿ. ಅವುಗಳನ್ನು ಹತೋಟಿಯಲ್ಲಿಡಲು ಪ್ರಾಣಿಗಳು ತಮ್ಮ ಅಂಡಾಶಯ ವೃಷಣಗಳಲ್ಲಿ ಮತ್ತೊಂದು ಜಾತಿಯ ಕಿರುಚೀಟಿಗಳನ್ನು ತಯಾರಿಸುವುವು. ಮೈಕ್ರೋ ಆರ್‌ಎನ್‌ಎಗಿಂತ ಸ್ವಲ್ಪ ಉದ್ದವಾದ ಇವಕ್ಕೆ ಪೈ ಆರ್‌ಎನ್‌ಎಗಳೆಂದು ಹೆಸರು. ಅಲೆಮಾರಿ ತುಣುಕುಗಳ ಅವಶೇಷದಿಂದಲೇ ಈ ಚೀಟಿಗಳು ಹುಟ್ಟಿ, ಅದೇ ತುಣುಕುಗಳ ನಕಲುಗಳನ್ನು ಹಿಡಿದು ನಾಶಮಾಡುವುವು. ರೇಷ್ಮೆಹುಳುವಿನ ಡಬ್ಲ್ಯು ತಂತುವು ಇಂತಹ ಚೀಟಿಗಳ ದೊಡ್ಡ ಆಗರವೆಂಬುದು ಕ್ರಮೇಣ ತಿಳಿದುಬಂದಿತು.

2014ರಲ್ಲಿ ಟೋಕಿಯೋ ವಿಶ್ವವಿದ್ಯಾನಿಲಯದ ಕಿಯುಚಿ, ಕಟ್ಸುಮ ಮತ್ತು ಅವರ ಜೊತೆಯವರು ಆ ಚೀಟಿಗಳಲ್ಲಿ ಒಂದೇ ಒಂದರ ಮೇಲೆ ಬೆರಳಿಟ್ಟು ತೋರಿಸಿದರು. ಅದು ಡಬ್ಲ್ಯು ತಂತುವಿನಲ್ಲಿ ಸಾಲುಸಾಲಾಗಿ ಪುನರಾವರ್ತನೆಯಾಗಿರುವ ಒಂದು ಪ್ರಕರಣದಿಂದ ಹುಟ್ಟುವುದು. ಅದಕ್ಕೆ ಫೆಮ್ ಎಂದು ಹೆಸರಿಟ್ಟರು. ಮೂವತ್ತಕ್ಕೂ ಕಡಮೆ ಅಕ್ಷರಗಳ ಈ ಚೀಟಿಯನ್ನು ಸಿವಿ ಎಂಬ ಸಸಾರಜನಕವು ಹಿಡಿದುಕೊಂಡು, ಕಚೇರಿಯ ಜವಾನನು ಚೀಟಿಯಲ್ಲಿರುವ ನಂಬರಿನ ಕಾಗದವನ್ನು ಹುಡುಕುವಂತೆ, ತಕ್ಕ ನಕಲನ್ನು ಹುಡುಕುತ್ತ ಹೋಗುವುದು. ಸಿಕ್ಕಿದೊಡನೆ ಆ ನಕಲನ್ನು ಕತ್ತರಿಸಿ ಹಾಕುವುದು.

ಕತ್ತರಿಸಲ್ಪಡುವ ನಕಲು ಯಾವುದು? ಝಡ್ ತಂತುವಿನಲ್ಲಿರುವ ಒಂದು ವಂಶವಾಹಿಯದು. ಅದಕ್ಕೆ ಮ್ಯಾಸ್ಕುಲಿನೈಜರ್, ಎಂದರೆ ಗಂಡುಮಾಡುವುದು, ಎಂದು ಹೆಸರು. ಝಡ್ ತಂತುವು ಗಂಡು ಹೆಣ್ಣು ಎರಡರಲ್ಲಿಯೂ ಇರುವುದರಿಂದ ಈ ವಂಶವಾಹಿಯು ಎರಡರಲ್ಲಿಯೂ ಉಂಟು. ಡಬ್ಲ್ಯು ಇಲ್ಲದ ಮೊಟ್ಟೆಯಲ್ಲಿ ತಡೆಯುವವರಿಲ್ಲದೆ ಇದು ತನ್ನ ಕೆಲಸವನ್ನು ನಡೆಸಿ ಹುಳುವನ್ನು ಗಂಡುಮಾಡುವುದು. ಡಬ್ಲ್ಯು ಇರುವ ಮೊಟ್ಟೆಯಲ್ಲಿ ಫೆಮ್ ಚೀಟಿಯು ಇದರ ನಕಲುಗಳನ್ನು ಕತ್ತರಿಸಿಹಾಕುವುದರಿಂದ ಗಂಡುತನದ ಆಜ್ಞೆಯು ಜಾರಿಗೆ ಬಾರದೆ ಹುಳುವು ಹೆಣ್ಣಾಗುವುದು. ಇದೆಲ್ಲವೂ ನಿರ್ಣಯವಾಗುವುದು ಮೊಟ್ಟೆಯೊಳಗಿನ ಭ್ರೂಣವು ಇನ್ನೂ ಹುಳುವಿನ ಆಕಾರವನ್ನು ತಾಳುವುದಕ್ಕೆ ಮುಂಚೆಯೇ.

ಈ ಮಾತನ್ನು ಅವರು ಪ್ರಯೋಗದಿಂದ ಸಮರ್ಥಿಸಿದರು. ಹೆಣ್ಣಾಗಬೇಕಾಗಿದ್ದ ಭ್ರೂಣದಲ್ಲಿ ಫೆಮ್ ಚೀಟಿಯನ್ನು ತಡೆದಾಗ ಗಂಡಿಗೆ ಉಚಿತವಾದ ನಕಲುಗಳು ಅದರಲ್ಲಿ ಕಾಣಿಸಿಕೊಂಡುವು. ಗಂಡುಭ್ರೂಣದಲ್ಲಿ ಮ್ಯಾಸ್ಕುಲಿನೈಜರನ್ನು ಅಡಗಿಸಿದಾಗ ಹೆಣ್ಣಿಗೆ ಉಚಿತವಾದ ನಕಲುಗಳು ತೋರಿದುವು; ಅಷ್ಟೇ ಅಲ್ಲದೆ ಆ ಗಂಡುಗಳು ಮೊಟ್ಟೆಯಲ್ಲಿಯೇ ಸತ್ತುಹೋದುವು. ಇದಕ್ಕೆ ಕಾರಣವೂ ತಿಳಿದುಬಂದಿತು. ಗಂಡಿನಲ್ಲಿ ಝಡ್ ತಂತುಗಳು ಎರಡು ಇರುವುದರಿಂದ ಅವುಗಳ ಕೆಲಸವು ಹೆಣ್ಣಿನಲ್ಲಿರುವುದಕ್ಕಿಂತ ಎರಡರಷ್ಟಾಗುವ ಅಪಾಯವುಂಟು. ಅದನ್ನು ತಗ್ಗಿಸಿ ಸಮಮಾಡುವ ಹೊಣೆಯೂ ಮ್ಯಾಸ್ಕುಲಿನೈಜರಿಗೇ ಸೇರಿದ್ದು. ತೂಬಿಗೆ ಹಲಗೆಯಿಲ್ಲದ ಕೆರೆಯ ನೀರು ಗದ್ದೆಯನ್ನು ಕೊಚ್ಚಿಕೊಂಡು ಹೋಗುವಂತೆ, ಆ ತಡೆಯು ಇಲ್ಲವಾದರೆ ಗಂಡುಭ್ರೂಣವು ಉಳಿಯಲಾರದು.

ಪ್ರಾಣಿಯೊಂದರ ಹೆಣ್ತನವನ್ನು ಸಸಾರಜನಕವಲ್ಲದ ಇಂತಹ ಕಿರಿದಾದ ಆರ್‌ಎನ್‌ಎ ಚೂರು ನಿರ್ಣಯಿಸುವುದೆಂದು ತೋರಿಸಿದ್ದು ಇದೇ ಮೊದಲು.

ಗಂಡುಹುಳುಗಳ ಬೆಳೆ

ಗಂಡುಹುಳುಗಳನ್ನು ಮಾತ್ರ ಪಡೆಯುವ ಪ್ರಯತ್ನವು ಈ ಶೋಧಕ್ಕಿಂತ ಹಳೆಯದು. ಸೋವಿಯತ್ ಒಕ್ಕೂಟದ ಸ್ಟ್ರುನ್ನಿಕೊವ್ ಎಂಬ ವಿದ್ವಾಂಸರು, ಎರಡು ಝಡ್ ತಂತುಗಳಲ್ಲಿಯೂ ಬೇರೆ ಬೇರೆ ಮಾರಕ ದೋಷಗಳಿರುವ ಗಂಡುಗಳ ವಂಶವನ್ನು ಬೆಳೆಸಿದ್ದರು. ಅಂತಹ ಗಂಡನ್ನು ಸಾಮಾನ್ಯ ಹೆಣ್ಣಿನೊಡನೆ ಕೂಡಿಸಿದರೆ, ಹೆಣ್ಣುಮಕ್ಕಳಿಗೆ ದೊರೆಯುವ ಒಂದೇ ಝಡ್ ತಂತುವು ದೋಷವುಳ್ಳದ್ದಾಗಿ ಅವು ಮೊಟ್ಟೆಯಲ್ಲಿಯೇ ಸಾಯುವುವು. ಗಂಡುಮಕ್ಕಳಿಗೆ ತಾಯಿಯಿಂದ ಒಳ್ಳೆಯ ಝಡ್ ತಂತುವೊಂದು ಬರುವುದರಿಂದ ಅವು ಬದುಕುವುವು. 2016ರಲ್ಲಿ ಜಪಾನಿನ ವಿದ್ವಾಂಸರು ಹೊಸ ಜ್ಞಾನವನ್ನು ಉಪಯೋಗಿಸಿ, ಫೆಮ್ ಚೀಟಿಯು ಹಿಡಿಯಲಾರದಂತೆ ಅಕ್ಷರಗಳನ್ನು ಬದಲಿಸಿದ ಮ್ಯಾಸ್ಕುಲಿನೈಜರನ್ನು ಹುಳುಗಳಲ್ಲಿ ಸೇರಿಸಿದರು. ಕೆಲವು ವಂಶಗಳಲ್ಲಿ ಹೆಣ್ಣುಗಳು ಸತ್ತುವು. ಕೆಲವು ವಂಶಗಳಲ್ಲಿ ಹೆಣ್ಣುಗಳಿಗೆ ಅರೆಬರೆಯಾಗಿ ಗಂಡಿನ ಲಕ್ಷಣಗಳು ಬಂದುವು. ಇದು ಪ್ರಯೋಗಶಾಲೆಯ ಕಾರ್ಯವೇ ವಿನಾ ರೈತರಿಗೆ ಹಂಚಿದ ಬಿತ್ತನೆಯಲ್ಲ.

ಇಲ್ಲಿ ರೈತನು ತನ್ನ ಲೆಕ್ಕವನ್ನು ತಾನೇ ಮಾಡಿನೋಡಬೇಕು. ಹೆಣ್ಣುಗಳು ಮೊಟ್ಟೆಯಲ್ಲಿಯೇ ಸಾಯುವ ಪಕ್ಷದಲ್ಲಿ 400 ಮೊಟ್ಟೆಗಳಿಂದ ಹೊರಬರುವ ಹುಳುಗಳು ಹೆಚ್ಚೆಂದರೆ 200. ನೂರು ಮೊಟ್ಟೆಯ ಹುಳುಗಳನ್ನು ಪಡೆಯಬೇಕಾದರೆ ಇನ್ನೂರು ಮೊಟ್ಟೆಯ ಬಿತ್ತನೆಯನ್ನು ಕೊಳ್ಳಬೇಕಾಗುವುದು. ಅಲ್ಲದೆ ಗಂಡುಗೂಡು ಹಗುರವಾದುದು. ಗೂಡನ್ನು ತೂಕದ ಮೇಲೆ ಮಾರುವ ರೈತನಿಗೆ, ರೇಷ್ಮೆಯ ಪಾಲನ್ನು ನೋಡಿ ಬೆಲೆಕಟ್ಟುವ ಪದ್ಧತಿಯು ಮಾರುಕಟ್ಟೆಯಲ್ಲಿ ಭದ್ರವಾಗಿಲ್ಲದಿದ್ದರೆ, ಗಂಡುಹುಳುಗಳ ಬೆಳೆಯಿಂದ ಲಾಭವು ನೂಲು ಬಿಚ್ಚುವವನಿಗೇ ಹೊರತು ತನಗಲ್ಲ. ಹುಳುವಿನ ಸೊಪ್ಪಿಗೂ ನೂಲಿಗೂ ಇರುವ ಲೆಕ್ಕದಂತೆಯೇ ಗೂಡಿಗೂ ಬೆಲೆಗೂ ಇರುವ ಲೆಕ್ಕವು ಸರಿಯಾಗಿದ್ದಾಗ ಮಾತ್ರ ಶಾಸ್ತ್ರದ ಲಾಭವು ಊರಿಗೆ ಬರುವುದು.

ಗ್ರಾಮಗಳಲ್ಲಿ ಗಮನಿಸತಕ್ಕ ಸಂಗತಿಗಳು

ಮೇಲೆ ಹೇಳಿದುದರಿಂದ ಮುಖ್ಯವಾದ ಒಂದು ಸಂಗತಿಯು ಸ್ಪಷ್ಟವಾಗುವುದು. ಹುಳುವಿನ ಗಂಡು ಹೆಣ್ಣು, ತಳಿ, ಗುಣ ಇವೆಲ್ಲವೂ ಮೊಟ್ಟೆಯು ರೈತನ ಕೈಗೆ ಬರುವ ಮೊದಲೇ ನಿರ್ಣಯವಾಗಿ ಹೋಗಿರುವುವು. ಒಳ್ಳೆಯ ಸಾಕಣೆಯು ಆ ಗುಣಗಳನ್ನು ಹೊರತರಬಲ್ಲದು. ಇಲ್ಲದ ಗುಣವನ್ನು ಉಂಟುಮಾಡಲಾರದು. ಆದುದರಿಂದ ರೈತನ ಎಚ್ಚರಿಕೆಯು ಚಾಕಿಯಿಂದಲ್ಲ, ಬಿತ್ತನೆಯಿಂದಲೇ ಮೊದಲಾಗತಕ್ಕದ್ದು.

ಮೊದಲನೆಯದಾಗಿ, ಹುಳುಗಳನ್ನೆಲ್ಲ ಗಂಡುಮಾಡುವೆವೆಂದೋ ಗೂಡನ್ನು ದಪ್ಪಮಾಡುವೆವೆಂದೋ ಹೇಳಿ ಸೊಪ್ಪಿನ ಮೇಲೆ ಚಿಮುಕಿಸುವ ಔಷಧಗಳನ್ನು ಮಾರುವವರು ಬಂದರೆ ಅವರ ಮಾತಿಗೆ ಮರುಳಾಗಬಾರದು. ಮೊಟ್ಟೆಯೊಡೆದು ಹೊರಬಂದ ಹುಳುವಿನ ಗಂಡು ಹೆಣ್ಣನ್ನು ಸೊಪ್ಪಿನ ಮೂಲಕ ಬದಲಿಸಲಾಗದು.

ಎರಡನೆಯದಾಗಿ, ಮಿಶ್ರತಳಿಯ ಬೆಳೆಯು ಚೆನ್ನಾಗಿ ಬಂದಿತೆಂದು ಅದೇ ಗೂಡುಗಳಿಂದ ಚಿಟ್ಟೆ ಬಿಡಿಸಿ ಮೊಟ್ಟೆಯನ್ನು ಮನೆಯಲ್ಲಿ ತಯಾರಿಸಬಾರದು. ಎರಡನೆಯ ಪೀಳಿಗೆಯಲ್ಲಿ ಅಜ್ಜ ಅಜ್ಜಿಯರ ಗುಣಗಳು ಚದರಿ, ಒಂದು ಹುಳು ದಪ್ಪ, ಒಂದು ಸಣ್ಣ, ಒಂದು ಬೇಗ ಹಣ್ಣಾಗುವುದು, ಒಂದು ತಡವಾಗಿ, ಹೀಗೆ ಬೆಳೆಯು ಏಕಪ್ರಕಾರವಾಗಿರದು. ಅದಕ್ಕಿಂತಲೂ ದೊಡ್ಡ ಅಪಾಯವು ಗಂಟುರೋಗ. ಈ ರೋಗವು ತಾಯಿಯಿಂದ ಮೊಟ್ಟೆಯೊಳಗೆ ಸೇರಿ ಬರುವುದೆಂಬುದನ್ನೂ, ತಾಯಿಚಿಟ್ಟೆಯನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ ರೋಗವುಳ್ಳ ಚಿಟ್ಟೆಯ ಮೊಟ್ಟೆಯನ್ನು ಸುಟ್ಟುಹಾಕಬೇಕೆಂಬುದನ್ನೂ 1865ರಿಂದ ಮುಂದೆ ಫ್ರಾನ್ಸಿನಲ್ಲಿ ಲೂಯಿ ಪಾಸ್ಚರ್ ಅವರು ನಡೆಸಿದ ಶೋಧಗಳು ಲೋಕಕ್ಕೆ ತಿಳಿಸಿಕೊಟ್ಟುವು. ಮನೆಯಲ್ಲಿ ಈ ಪರೀಕ್ಷೆಯು ನಡೆಯುವಂತಿಲ್ಲ. ಪರವಾನಗಿಯುಳ್ಳ ಕೋಠಿಯ ರೋಗರಹಿತ ಮೊಟ್ಟೆಯನ್ನೇ ಕೊಂಡು, ಚೀಟಿಯಲ್ಲಿ ತಳಿಯ ಹೆಸರನ್ನೂ ಮೊಟ್ಟೆಯಿಟ್ಟ ತಾರೀಖನ್ನೂ ನೋಡಿಕೊಳ್ಳತಕ್ಕದ್ದು. ಕರ್ನಾಟಕದಲ್ಲಿ ಬಿತ್ತನೆಯ ತಯಾರಿಕೆಯನ್ನೂ ಮಾರಾಟವನ್ನೂ ನಿಯಂತ್ರಿಸಲು 1959ರಲ್ಲಿಯೇ ಕಾಯಿದೆಯಾದುದು ಈ ಕಾರಣದಿಂದಲೇ.

ಮೂರನೆಯದಾಗಿ, ಮಾಗಡಿ, ಕುಣಿಗಲ್ ಮೊದಲಾದ ಕಡೆಗಳಲ್ಲಿ ಮೈಸೂರು ತಳಿಯ ಬಿತ್ತನೆ ಗೂಡುಗಳನ್ನು ಬೆಳೆಯುವವರ ಹೊಣೆಯು ಎಲ್ಲರಿಗಿಂತಲೂ ದೊಡ್ಡದು. ಅವರು ತಮ್ಮ ಹುಳುಮನೆಯಲ್ಲಿ ಬೇರೆ ತಳಿಯ ಹುಳುಗಳನ್ನು ಜೊತೆಯಲ್ಲಿ ಸಾಕಿ ಗೂಡು ಬೆರಕೆಯಾಗಲು ಅವಕಾಶ ಕೊಡಬಾರದು. ತಳಿಯೇ ಬೆರಕೆಯಾದರೆ ಕೋಠಿಯಲ್ಲಿ ಗಂಡು ಹೆಣ್ಣನ್ನು ಎಷ್ಟು ಜಾಗ್ರತೆಯಿಂದ ಬೇರ್ಪಡಿಸಿದರೂ ಫಲವಿಲ್ಲ. ಒಂದು ಮನೆಯ ಅಲಕ್ಷ್ಯಕ್ಕಾಗಿ ನೂರು ಮನೆಗಳು ದಂಡ ತೆರಬೇಕಾಗುವುದು.

ಗ್ರಾಮದ ಮುಖಂಡರೂ ಜಮೀನುದಾರರೂ ಮಾಡಬಹುದಾದ ಉಪಕಾರವು ಇಲ್ಲಿ ಬಹಳವಿದೆ. ಊರಿನ ಸಣ್ಣ ಹಿಡುವಳಿದಾರರು ಕಡಮೆ ಬೆಲೆಗೆ ಆಸೆಪಟ್ಟು ಗುರುತಿಲ್ಲದವರಿಂದ ಮೊಟ್ಟೆಯನ್ನು ಕೊಳ್ಳದಂತೆ ತಿಳಿಯಹೇಳಬೇಕು. ಸಾಧ್ಯವಾದ ಕಡೆಗಳಲ್ಲಿ ಹತ್ತು ಮನೆಗಳವರು ಸೇರಿ ಒಂದೇ ಕೋಠಿಯಿಂದ ಒಂದೇ ದಿನ ಮೊಟ್ಟೆಯನ್ನು ತರಿಸುವ ಏರ್ಪಾಡು ಮಾಡಬೇಕು. ಗೂಡಿನಲ್ಲಿ ಬೆರಕೆಯು ಕಂಡುಬಂದರೆ ಮೊಟ್ಟೆಯ ಚೀಟಿಯ ಸಮೇತ ಇಲಾಖೆಯ ಅಧಿಕಾರಿಗಳಿಗೆ ಒಡನೆಯೇ ತಿಳಿಸಬೇಕು. ಹಾಗೆ ತಿಳಿಸಿದರೆ ತಪ್ಪು ಯಾವ ಕೋಠಿಯ ಯಾವ ತಟ್ಟೆಯಲ್ಲಿ ಆಯಿತೆಂಬುದನ್ನು ಹುಡುಕಿ ಮುಂದಿನ ಬೆಳೆಗೆ ತಿದ್ದಿಕೊಳ್ಳಲು ಸಾಧ್ಯವಾಗುವುದು. ಮೊಟ್ಟೆಯ ಹಾಳೆಯೊಡನೆ ಬರುವ ಚೀಟಿಯನ್ನು ಮೂಲೆಗೆ ಎಸೆಯದೆ, ಗೂಡು ಮಾರುವ ಪರ್ಯಂತ ಪ್ರತಿಯೊಂದು ಮನೆಯಲ್ಲಿಯೂ ಭದ್ರವಾಗಿ ಇಟ್ಟುಕೊಂಡಿರತಕ್ಕದ್ದು.